ಬುಕ್ಕಿಂಗ್ ಎಂಟು ಜನಕ್ಕೆ, ಗೇಟಿಗೆ ಬಂದಿದ್ದು ಹದಿನಾಲ್ಕು: ಹೋಮ್‌ಸ್ಟೇ ತಲೆ ಲೆಕ್ಕ ತಪ್ಪಿದ್ರೆ ಹೊಣೆ ಯಾರದ್ದು?

ಸಕಲೇಶಪುರ/ಆಲೂರು: ಶುಕ್ರವಾರ ಸಂಜೆ ಆಯ್ತು ಅಂದ್ರೆ ಹೆದ್ದಾರಿ ಬಿಟ್ಟು ಹಾನಬಾಳು, ಹೆತ್ತೂರು, ಯಸಳೂರು, ಕೆ.ಹೊಸಕೋಟೆ ಕಡೆಗೆ ತಿರುಗುವ ರಸ್ತೆಗಳಲ್ಲಿ ಬೆಂಗಳೂರು ಕಡೆಯ ಕಾರುಗಳು ಶುರು. ತೋಟದ ನಡುವಿನ ಮನೆ, ಎರಡು ರಾತ್ರಿ, ಎಂಟು ಜನ ಅಂತ ಫೋನಿನಲ್ಲಿ ಬುಕ್ಕಿಂಗ್ ಆಗಿರುತ್ತೆ. ಮೊದಲ ಕಾರಿನಲ್ಲಿ ಐದು ಜನ ಇಳೀತಾರೆ. ಎರಡನೇ ಕಾರಿನಲ್ಲಿ ಮತ್ತೆ ಐದು. ರಾತ್ರಿ ಒಂಬತ್ತೂವರೆಗೆ ಇನ್ನೊಂದು ಗಾಡಿ. "ಫ್ರೆಂಡ್ಸ್ ಅಷ್ಟೇ ಸಾರ್, ಅಡ್ಜಸ್ಟ್ ಮಾಡ್ಕೋತೀವಿ" ಅನ್ನೋದು ಮಾಮೂಲಿ ಮಾತು.

ಇಲ್ಲಿ ಮಾಲೀಕರ ಮುಂದೆ ಎರಡು ದಾರಿ. ತಲೆಗಿಷ್ಟು ಅಂತ ದುಡ್ಡು ತಗೊಂಡು ಒಳಗೆ ಬಿಡೋದು, ಇಲ್ಲಾ ಜಗಳ ಮಾಡಿ ಕಳಿಸೋದು. ಹೆಚ್ಚಿನವರು ಮೊದಲನೇ ದಾರಿ ಹಿಡೀತಾರೆ. ಹೆಸರು ಬರೆದುಕೊಳ್ಳೋದು ಮಾತ್ರ ಆ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತೆ. ಪುಸ್ತಕದಲ್ಲಿ ಎಂಟು ಹೆಸರು, ಮನೆಯಲ್ಲಿ ಹದಿನಾಲ್ಕು ಜನ.

ಇದನ್ನ ಬರೀ ದುಡ್ಡಿನ ತಕರಾರು ಅಂತ ನೋಡೋದೇ ತಪ್ಪಿನ ಶುರು. ಆನೆ ಓಡಾಡುವ, ಮಳೆಗಾಲದಲ್ಲಿ ಗುಡ್ಡ ಜಾರುವ, ನೆಟ್‌ವರ್ಕ್ ಸಿಗದ ಈ ಮಲೆನಾಡಿನ ಅಂಚಿನಲ್ಲಿ ಇವತ್ತು ರಾತ್ರಿ ಒಂದು ಮನೆಯಲ್ಲಿ ಎಷ್ಟು ಜನ ಮಲಗಿದ್ದಾರೆ ಅನ್ನೋದು ಜೀವದ ಲೆಕ್ಕ. ಆ ಲೆಕ್ಕ ಸರಿ ಇದ್ದರೆ ಉಳಿದ ಎಲ್ಲಾ ಸಮಸ್ಯೆಗೂ ಒಂದು ದಾರಿ ಸಿಗುತ್ತೆ.

ಹೆಚ್ಚುವರಿ ಅತಿಥಿ ಅಂದ್ರೆ ಎಲ್ಲರೂ ಒಂದೇ ಅಲ್ಲ

ಮೊದಲು ಗುರುತಿಸಬೇಕಾದ್ದು, ಹೆಚ್ಚಿಗೆ ಬಂದವರೆಲ್ಲಾ ಮೋಸಗಾರರಲ್ಲ. ನಾಲ್ಕು ಥರದವರು ಬರ್ತಾರೆ.

ಒಂದು, ಗೊತ್ತಿಲ್ಲದೆ ಬಿಟ್ಟವರು. ಮಕ್ಕಳನ್ನ ಲೆಕ್ಕಕ್ಕೆ ಹಿಡೀಬೇಕಾ ಬೇಡ್ವಾ ಅನ್ನೋದು ಬಹಳ ಕುಟುಂಬಗಳಿಗೆ ಗೊತ್ತಿರಲ್ಲ. ಏರ್‌ಬಿಎನ್‌ಬಿಯಂಥ ಕಡೆ 2 ವರ್ಷದೊಳಗಿನ ಕೂಸನ್ನ ಅತಿಥಿಗಳ ಮಿತಿಗೆ ಸೇರಿಸಲ್ಲ, ಅದಕ್ಕಿಂತ ದೊಡ್ಡ ಮಕ್ಕಳನ್ನ ಸೇರಿಸ್ತಾರೆ. ಫೋನಿನಲ್ಲಿ ಬುಕ್ ಮಾಡಿದವರಿಗೆ ಇದನ್ನ ಯಾರೂ ಹೇಳಿರಲ್ಲ.

ಎರಡು, ಡ್ರೈವರ್. ಟಿಟಿ ಗಾಡಿ ಬಂತು ಅಂದ್ರೆ ಡ್ರೈವರ್ ಇದ್ದೇ ಇರ್ತಾರೆ. ಬುಕ್ ಮಾಡಿದವರೂ ಅವರನ್ನ ಎಣಿಸಲ್ಲ, ಹೋಮ್‌ಸ್ಟೇಯವರೂ ಎಣಿಸಲ್ಲ. ಅವರು ಗಾಡಿಯಲ್ಲೇ ಸೀಟು ಮಡಚಿ ಮಲಗ್ತಾರೆ. ಬೆಳಗಿನ ಜಾವ ಕತ್ತಲಲ್ಲಿ ಎದ್ದು ತೋಟದ ಅಂಚಿಗೆ ಹೋಗುವವರೂ ಅವರೇ. ಯಾವ ರಿಜಿಸ್ಟರ್‌ನಲ್ಲೂ ಹೆಸರಿಲ್ಲದ ಅತಿಥಿ ಅಂತ ಯಾರಾದ್ರೂ ಇದ್ರೆ ಮೊದಲು ಡ್ರೈವರ್.

ಮೂರು, ದುಡ್ಡು ಉಳಿಸೋಕೆ ಸುಳ್ಳು ಹೇಳಿದವರು. ಉದಾಹರಣೆಗೆ ತಲೆಗೆ 2,000 ರೂಪಾಯಿ ದರ ಅಂತ ಇಟ್ಕೊಳ್ಳಿ. ಎಂಟು ಜನಕ್ಕೆ 16,000. ಅದೇ ದುಡ್ಡನ್ನ ಹದಿನಾಲ್ಕು ಜನ ಹಂಚ್ಕೊಂಡ್ರೆ ತಲೆಗೆ 1,150 ರೂಪಾಯಿಯೂ ಬೀಳಲ್ಲ. ಮಾಲೀಕರಿಗೆ ಖೋತಾ 12,000.

ನಾಲ್ಕು, ಮನೆಯನ್ನ ಪಾರ್ಟಿ ಹಾಲ್ ಮಾಡೋಕೆ ಬಂದವರು. ಇವರಲ್ಲಿ ಬುಕ್ ಮಾಡಿದವರಿಗೇ ಬರುವವರೆಲ್ಲರ ಹೆಸರು ಗೊತ್ತಿರಲ್ಲ. ಲೊಕೇಶನ್ ಗ್ರೂಪಿಗೆ ಬೀಳುತ್ತೆ, ಗಾಡಿಗಳು ಬರ್ತಾ ಹೋಗ್ತಾವೆ.

ನಾಲ್ಕಕ್ಕೂ ಒಂದೇ ಮದ್ದು ಅರೆದರೆ ಆಗಲ್ಲ. ಮೊದಲ ಎರಡಕ್ಕೆ ಬುಕ್ಕಿಂಗ್ ವೇಳೆ ಕೇಳುವ ಒಂದು ಪ್ರಶ್ನೆ ಸಾಕು. ಮೂರನೆಯದಕ್ಕೆ ಲಿಖಿತ ದರಪಟ್ಟಿ ಬೇಕು. ನಾಲ್ಕನೆಯದಕ್ಕೆ ಗೇಟಲ್ಲೇ ನಿಲ್ಲಿಸುವ ಧೈರ್ಯ ಬೇಕು.

ನಿಯಮ ಏನು ಹೇಳುತ್ತೆ?

ಕರ್ನಾಟಕದಲ್ಲಿ ಹೋಮ್‌ಸ್ಟೇ ನಡೆಸೋಕೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ಇದು ಲಾಡ್ಜ್ ಅಲ್ಲ, ಮನೆ. ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, ಅತಿಥಿಗಳಿಗೆ ಕೊಡುವ ಕೊಠಡಿ ಹೆಚ್ಚೆಂದರೆ 5 ಅನ್ನೋದು ಇದರ ತಿರುಳು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿ ವಿವರ ಬರೆದಿಡುವ ಪುಸ್ತಕ ಇರಬೇಕು, ಪೊಲೀಸರು ಕೇಳಿದರೆ ತೋರಿಸಬೇಕು.

ಐದು ಕೊಠಡಿ ಅಂದ್ರೆ ಕೊಠಡಿಗೆ ಇಬ್ಬರಂತೆ ಹತ್ತು ಹಾಸಿಗೆ. ಹದಿನಾಲ್ಕು, ಹದಿನೆಂಟು ಜನರನ್ನ ಹಾಲ್‌ನಲ್ಲಿ ಹಾಸಿಗೆ ಹಾಸಿ, ಅಂಗಳದಲ್ಲಿ ಟೆಂಟ್ ಹೊಡೆದು ಮಲಗಿಸಿದ್ರೆ ಅದು ಹೋಮ್‌ಸ್ಟೇ ಅನ್ನೋ ಲೆಕ್ಕದಿಂದಲೇ ಹೊರಗೆ ಹೋಗುತ್ತೆ. ಮಾಲೀಕರು ಹಾಸನದಲ್ಲೋ ಬೆಂಗಳೂರಲ್ಲೋ ಇದ್ದು, ಕೀಯನ್ನ ಕೇರ್‌ಟೇಕರ್ ಕೈಗೆ ಕೊಟ್ಟು ನಡೆಸೋದೂ ಅಷ್ಟೇ. ಹೆಚ್ಚುವರಿ ಅತಿಥಿಗಳ ರಗಳೆ ಹೆಚ್ಚು ಆಗೋದು ಇಂಥ ಮಾಲೀಕರಿಲ್ಲದ ಮನೆಗಳಲ್ಲೇ. ಸಂಬಳಕ್ಕಿರುವ ಕೇರ್‌ಟೇಕರ್, ಹತ್ತು ಜನ ಹುಡುಗರ ಎದುರು "ಆಗಲ್ಲ" ಅಂತ ಹೇಗೆ ಹೇಳ್ತಾರೆ?

ವಿದೇಶಿ ಅತಿಥಿ ಬಂದರೆ ನಿಯಮ ಇನ್ನೂ ಬಿಗಿ. 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಜನ ಇವತ್ತಿಗೂ ಸಿ ಫಾರಂ ಅಂತಲೇ ಕರೀತಾರೆ. ಹಳೇ 1946ರ ವಿದೇಶಿಯರ ಕಾಯ್ದೆ ಹೋಗಿ, ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಕಳೆದ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಮನೆ ಕೊಟ್ಟವರು ಮಾಹಿತಿ ಕೊಡಬೇಕು ಅನ್ನೋ ಹೊಣೆ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಬೆಂಗಳೂರಿನ ಕಂಪನಿ ಹುಡುಗರ ಗುಂಪಿನ ಜೊತೆ ಒಬ್ಬ ವಿದೇಶಿ ಗೆಳೆಯ ಬಂದಿದ್ದು, ಅವರ ಹೆಸರು ಬುಕ್ಕಿಂಗ್‌ನಲ್ಲಿ ಇಲ್ಲದಿದ್ರೂ ಮಾಹಿತಿ ಕೊಡೋ ಹೊಣೆ ಮನೆಯವರದ್ದೇ.

ಶಬ್ದಕ್ಕೂ ನಿಯಮ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ತೋಟದ ಮಧ್ಯೆ ಯಾರು ಕೇಳ್ತಾರೆ ಅನ್ನೋ ಹಾಗಿಲ್ಲ. ಲೈನ್ ಮನೆಯವರು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು.

ಆಲೂರು ಮರೆಯಬಾರದ 2021

ಅತಿಥಿಗಳ ಲೆಕ್ಕ ಕೈತಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ಬೇರೆ ಜಿಲ್ಲೆಗೆ ಹೋಗಬೇಕಿಲ್ಲ. 2021ರ ಏಪ್ರಿಲ್‌ನಲ್ಲಿ ಆಲೂರು ತಾಲ್ಲೂಕಿನ ಎಸ್ಟೇಟ್ ಒಂದರಲ್ಲಿ ನಡೆಯುತ್ತಿದ್ದ ರೇವ್ ಪಾರ್ಟಿ ಮೇಲೆ ಪೊಲೀಸರು ರಾತ್ರಿ ದಾಳಿ ಮಾಡಿದ್ರು. ಸಿಕ್ಕಿದ್ದು ಬೇರೆ ಬೇರೆ ಊರುಗಳಿಂದ ಬಂದಿದ್ದ ನೂರಕ್ಕೂ ಹೆಚ್ಚು ಯುವಕ ಯುವತಿಯರು. ಮಾದಕ ವಸ್ತು, ಮದ್ಯ, ವಾಹನಗಳು ವಶವಾದವು. ಕೋವಿಡ್ ಎರಡನೇ ಅಲೆ ಏರುತ್ತಿದ್ದ ದಿನಗಳವು. ತಾಲ್ಲೂಕಿನ ಹೆಸರು ರಾಜ್ಯದ ಎಲ್ಲಾ ಟಿವಿಯಲ್ಲೂ ಬಂತು.

ನೂರು ಜನ ಒಂದೇ ಸಲ ಆಕಾಶದಿಂದ ಇಳಿಯಲ್ಲ. ಒಂದೊಂದೇ ಗಾಡಿ ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿ, ಊರು ದಾಟಿ, ಅಂಗಡಿ ಮುಂದೆ ನಿಂತು ದಾರಿ ಕೇಳಿಯೇ ಹೋಗಬೇಕು. ಇಂಥ ಜಾಗಕ್ಕೆ ಎಷ್ಟು ಗಾಡಿ ಹೋದವು ಅಂತ ಪ್ರಶ್ನೆ ಹುಟ್ಟಬೇಕಾದ್ದು ಐದನೇ ಗಾಡಿಗೆ, ಐವತ್ತನೇ ಗಾಡಿಗಲ್ಲ. ಆ ಪ್ರಕರಣದ ನಂತರ ಈ ಭಾಗದಲ್ಲಿ ತೋಟದ ಮನೆ ಬಾಡಿಗೆಗೆ ಕೊಡುವ ಎಲ್ಲರ ಮೇಲೂ ಅನುಮಾನದ ಕಣ್ಣು ಬಿತ್ತು. ನಿಯತ್ತಾಗಿ ನೀರ್ ದೋಸೆ, ಕಡುಬು, ಕೋಳಿ ಸಾರು ಮಾಡಿ ಹಾಕಿ ನಾಲ್ಕು ಕಾಸು ನೋಡ್ತಿದ್ದ ಮನೆಗಳೂ ಅದೇ ಸಾಲಿಗೆ ಸೇರಿದ್ವು.

ಆನೆಗೆ ಬುಕ್ಕಿಂಗ್ ಗೊತ್ತಿಲ್ಲ

ಸಕಲೇಶಪುರ–ಆಲೂರು ಭಾಗದ ಕಾಡಾನೆ ಸಮಸ್ಯೆ ಬಗ್ಗೆ ಇಲ್ಲಿನವರಿಗೆ ಹೇಳಬೇಕಾದ್ದಿಲ್ಲ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರಲ್ಲಿ ಇಲ್ಲಿಂದ 22 ಆನೆಗಳನ್ನ ಹಿಡಿದು ಸಾಗಿಸಲಾಯ್ತು. ಆಮೇಲೂ ಆನೆ ಬರೋದು ನಿಲ್ಲಲಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟಿದ್ದು ಇದೇ ಯಸಳೂರು ಭಾಗದ ಕಾಡಿನಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ. ಪಳಗಿದ ಆನೆ, ನುರಿತ ಮಾವುತರು, ಇಲಾಖೆ ಸಿಬ್ಬಂದಿ ಎಲ್ಲಾ ಇದ್ದೂ ಆಗಿದ್ದು ಅದು.

ಇಂಥ ಜಾಗದಲ್ಲಿ ರಾತ್ರಿ ಹನ್ನೊಂದಕ್ಕೆ ಇಬ್ಬರು ಸಿಗರೇಟು ಸೇದೋಕೆ, ಇಲ್ಲಾ ಫೋನಿಗೆ ಸಿಗ್ನಲ್ ಹುಡುಕೋಕೆ ತೋಟದ ದಾರಿ ಹಿಡಿದರು ಅಂತ ಇಟ್ಕೊಳ್ಳಿ. ಮನೆಯಲ್ಲಿ ಎಂಟು ಜನ ಅಂತ ನಂಬಿದ ಕೇರ್‌ಟೇಕರ್ ಎಂಟು ತಲೆ ಎಣಿಸಿ ಬಾಗಿಲು ಹಾಕ್ತಾರೆ. ಹೊರಗಿರುವ ಇಬ್ಬರು ಅವರ ಲೆಕ್ಕದಲ್ಲೇ ಇಲ್ಲ. ಈ ಕಡೆ ಆನೆ ಇದೆ ಅಂತ ವಾಟ್ಸ್‌ಆ್ಯಪ್ ಗ್ರೂಪಿಗೆ ಮಾಹಿತಿ ಬಂದರೂ ಅವರಿಗೆ ಹೇಳೋರಿಲ್ಲ.

ಹೆಚ್ಚುವರಿ ಜನರನ್ನ ಟೆಂಟ್‌ನಲ್ಲಿ ಮಲಗಿಸೋದು ಇನ್ನೂ ಅಪಾಯ. ಪಕ್ಕದ ವಯನಾಡಿನ ಮೇಪ್ಪಾಡಿಯಲ್ಲಿ 2021ರ ಜನವರಿಯಲ್ಲಿ ರೆಸಾರ್ಟ್ ಟೆಂಟ್‌ನಲ್ಲಿ ತಂಗಿದ್ದ ಮಹಿಳೆಯೊಬ್ಬರು ಕಾಡಾನೆ ದಾಳಿಗೆ ಬಲಿಯಾದ್ರು. ಪರವಾನಗಿ ಇಲ್ಲ ಅಂತ ಆ ರೆಸಾರ್ಟ್‌ಗೆ ಬಾಗಿಲು ಹಾಕಿಸಿದ್ದು ಸಾವಿನ ನಂತರ. ಅಲ್ಲಿನ ಗುಡ್ಡ, ತೋಟ, ಆನೆ ದಾರಿ ಎಲ್ಲಾ ನಮ್ಮ ಕಡೆಯ ಥರದ್ದೇ.

ಮಳೆಗಾಲದ ಲೆಕ್ಕ ಬೇರೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಹೆದ್ದಾರಿ ಮೇಲೆ ಮಣ್ಣು ಜಾರಿ ಶಿರಾಡಿ ಘಾಟ್ ಬಂದ್ ಆಗಿತ್ತು. ಅದೇ ತಿಂಗಳ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಕುಸಿತವಾಗಿ ರೈಲು ಓಡಾಟವೂ ನಿಂತಿತು. ನಾಲ್ಕೇ ದಿನಕ್ಕೆ, ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ–ಚೂರಲ್‌ಮಲೆ ಕೊಚ್ಚಿಹೋಯ್ತು. ಅಲ್ಲಿ ಸಿಕ್ಕಿಕೊಂಡವರಲ್ಲಿ ದೂರದ ರಾಜ್ಯಗಳಿಂದ ಬಂದು ತಂಗಿದ್ದ ಪ್ರವಾಸಿಗರೂ ಇದ್ರು. ಊರವರ ಹೆಸರು ರೇಷನ್ ಕಾರ್ಡಲ್ಲಿ, ಮತದಾರರ ಪಟ್ಟಿಯಲ್ಲಿ ಸಿಗುತ್ತೆ. ಒಂದು ರಾತ್ರಿಗೆ ಬಂದ ಅತಿಥಿಯ ಹೆಸರು ಸಿಗೋದು ಹೋಮ್‌ಸ್ಟೇ ಪುಸ್ತಕದಲ್ಲಿ ಮಾತ್ರ. ಅದರಲ್ಲೂ ಇಲ್ಲ ಅಂದ್ರೆ ಹುಡುಕುವವರು ಯಾರನ್ನ ಅಂತ ಹುಡುಕಬೇಕು?

2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ, ನಾಲೆ ಪಕ್ಕ ಕೂತಿದ್ದ ಪ್ರವಾಸಿಗರ ಮೇಲೆ ನಡೆದ ದಾಳಿ, ಅತ್ಯಾಚಾರ, ಒಬ್ಬರ ಸಾವು ಇಡೀ ರಾಜ್ಯವನ್ನ ಬೆಚ್ಚಿಬೀಳಿಸಿತು. ಅಲ್ಲಿ ತಪ್ಪು ದಾಳಿ ಮಾಡಿದವರದ್ದು, ಅನುಮಾನವೇ ಬೇಡ. ಆದ್ರೆ ಪ್ರವಾಸಿ ತಾಣದಲ್ಲಿ ಮನೆ ಕೊಡುವ ಪ್ರತಿಯೊಬ್ಬರಿಗೂ ಅದು ಒಂದು ಪಾಠ ಬಿಟ್ಟುಹೋಯ್ತು. ರಾತ್ರಿ ಹೊರಗೆ ಹೋದವರು ಯಾರು, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಬರ್ತಾರೆ ಅನ್ನೋದು ಮನೆಯಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕು.

ನೀರು, ಗುಂಡಿ, ಕಸ

ದುಡ್ಡಿನ ಲೆಕ್ಕಕ್ಕೆ ಬಂದರೂ "ತಲೆಗೆ 500 ಜಾಸ್ತಿ ಕೊಡ್ತಾರಲ್ಲ" ಅನ್ನೋದು ಮೇಲ್ನೋಟದ ಲಾಭ. ಪಟ್ಟಣದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡೀತಾರೆ. ಎಂಟು ಜನಕ್ಕೆ 1,080 ಲೀಟರ್, ಹದಿನಾಲ್ಕು ಜನಕ್ಕೆ 1,890 ಲೀಟರ್. ಸಾವಿರ ಲೀಟರ್ ಟ್ಯಾಂಕ್ ಇಟ್ಟ ಮನೆಯಲ್ಲಿ ಭಾನುವಾರ ಬೆಳಗ್ಗೆ ನಲ್ಲಿ ಒಣಗುತ್ತೆ. ಕರೆಂಟ್ ಇಲ್ಲ ಅಂದ್ರೆ ಮೋಟರೂ ಓಡಲ್ಲ. ನೀರಿಲ್ಲ ಅಂತ ಒಂದು ಸ್ಟಾರ್ ಕೊಟ್ಟು ಬರೆಯೋದು ಅದೇ ಹೆಚ್ಚಿಗೆ ಬಂದವರು.

ಶೌಚಾಲಯದ ಗುಂಡಿ ಮನೆಮಂದಿ ಲೆಕ್ಕಕ್ಕೆ ತೋಡಿದ್ದು. ವಾರಾಂತ್ಯಕ್ಕೆ ಅದರ ಎರಡರಷ್ಟು ಜನ ಬಳಸಿದ್ರೆ ಮಳೆಗಾಲದಲ್ಲಿ ಉಕ್ಕುತ್ತೆ. ಉಕ್ಕಿದ್ದು ಹೋಗಿ ಸೇರೋದು ಕೆಳಗಿನ ತೋಟದವರ ಕೆರೆಗೆ, ಹಳ್ಳಕ್ಕೆ, ಕೊನೆಗೆ ಹೇಮಾವತಿಗೆ. ಖಾಲಿ ಬಾಟಲಿ, ಪ್ಲಾಸ್ಟಿಕ್ ತಟ್ಟೆ ತೋಟದ ಅಂಚಿಗೆ ಬೀಳುತ್ತೆ. ಒಡೆದ ಬಾಟಲಿ ಚೂರು ಕಾಲಿಗೆ ಚುಚ್ಚೋದು ಕಾಫಿ ಕುಯ್ಯುವ ಹೆಂಗಸರಿಗೆ.

ಎಂಟು ಜನಕ್ಕೆ ಅಂತ ಮಾಡಿದ ಅಡುಗೆ ಹದಿನಾಲ್ಕು ಜನಕ್ಕೆ ಸಾಲಲ್ಲ. ಒಂಬತ್ತು ಗಂಟೆ ರಾತ್ರಿ ಮತ್ತೆ ಒಲೆ ಹಚ್ಚಬೇಕಾದ್ದು ಮನೆಯ ಹೆಂಗಸರು, ಇಲ್ಲಾ ಅಡುಗೆಗೆ ಬರುವ ಲೈನ್ ಮನೆಯವರು. ಆ 500 ರೂಪಾಯಿಯಲ್ಲಿ ಅವರ ಪಾಲು ಎಷ್ಟು ಅಂತ ಯಾರೂ ಕೇಳಲ್ಲ.

ಹಾಗಾದ್ರೆ ಗೇಟಲ್ಲಿ ಏನು ಮಾಡಬೇಕು?

ಅರ್ಧ ಕೆಲಸ ಬುಕ್ಕಿಂಗ್ ದಿನವೇ ಮುಗಿಸಬಹುದು. ಫೋನಿನಲ್ಲಿ ಮಾತಾಡಿದ್ದನ್ನ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಡ್ರೈವರ್ ಇದ್ದಾರಾ, ಗಾಡಿ ಎಷ್ಟು. ಹೆಚ್ಚುವರಿ ಒಬ್ಬರಿಗೆ ಎಷ್ಟು ದರ, ಒಟ್ಟು ಎಷ್ಟರವರೆಗೆ ಜಾಗ, ಅದಕ್ಕಿಂತ ಮೇಲೆ ದುಡ್ಡು ಕೊಟ್ರೂ ಇಲ್ಲ ಅನ್ನೋದೂ ಅದರಲ್ಲೇ ಇರಲಿ. "ಸರಿ" ಅಂತ ಅವರ ಕಡೆಯಿಂದ ಉತ್ತರ ಬಂದ ಮೇಲೆ ಅಡ್ವಾನ್ಸ್ ತಗೊಳ್ಳಿ. ನಾಳೆ ತಕರಾರು ಆದ್ರೆ ಮಾತಿಗಿಂತ ಈ ಮೆಸೇಜ್ ತೂಕದ್ದು. ಹಿಂದಿನ ದಿನ ಇನ್ನೊಮ್ಮೆ ಕೇಳಿದ್ರೆ ನಿಜವಾಗ್ಲೂ ಹೆಚ್ಚಿಗೆ ಜನ ಇರುವವರು ಆಗಲೇ ಹೇಳ್ತಾರೆ.

ಆ್ಯಪ್ ಮೂಲಕ ಬಂದ ಬುಕ್ಕಿಂಗ್ ಆದ್ರೆ ಹೆಚ್ಚುವರಿ ಜನರನ್ನ ಅದೇ ಆ್ಯಪ್‌ನಲ್ಲಿ ಬುಕ್ಕಿಂಗ್ ಬದಲಾಯಿಸಿ ಸೇರಿಸಬೇಕು. ಕೈಯಲ್ಲಿ ನಗದು ತಗೊಂಡ್ರೆ ಆ ಆರು ಜನ ಆ ಕಂಪನಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾಳೆ ಟಿವಿ ಒಡೆದರೂ, ಮಂಚ ಮುರಿದರೂ ದೂರು ಕೊಡೋಕೆ ನೆಲೆ ಇರಲ್ಲ. ಬಂದಾಗಿನ ಮೆಸೇಜ್, ಗೇಟಿನ ಕ್ಯಾಮೆರಾ ಫೋಟೋ, ಹಾನಿಯ ಫೋಟೋ ಎಲ್ಲಾ ಆವತ್ತೇ ಎತ್ತಿಡಬೇಕು.

ಎರಡನೆಯದು ಹೊತ್ತು. ಸಂಜೆ ಆರರೊಳಗೆ ಬರಬೇಕು ಅನ್ನೋ ನಿಯಮ ಇಟ್ಕೊಂಡ್ರೆ ಅರ್ಧ ರಗಳೆ ಕಮ್ಮಿ. ಬೆಳಕಲ್ಲಿ ಹೆಚ್ಚಿಗೆ ಬಂದವರಿಗೆ ಪಟ್ಟಣದಲ್ಲಿ ಲಾಡ್ಜ್ ಹುಡುಕಿ ಕೊಡಬಹುದು, ವಾಪಸ್ ಹೋಗೋಕೂ ದಾರಿ ಇರುತ್ತೆ. ಗಾಡಿಯಿಂದ ಲಗೇಜ್ ಇಳಿಸೋ ಮೊದಲೇ ಪುಸ್ತಕ ತೆಗೀಬೇಕು. ಒಳಗೆ ಹೋಗಿ ಬ್ಯಾಗ್ ಬಿಚ್ಚಿದ ಮೇಲೆ ಲೆಕ್ಕ ಕೇಳಿದ್ರೆ ಅದು ಜಗಳ ಆಗುತ್ತೆ. ಗೇಟಲ್ಲಿ "ಬನ್ನಿ ಸಾರ್, ಕಾಫಿ ಕುಡೀತಾ ಎಲ್ಲರ ಹೆಸರು ಬರೆದುಬಿಡೋಣ, ಈ ಕಡೆ ಆನೆ ಇದಾವೆ, ರಾತ್ರಿ ಎಣಿಸಬೇಕಾಗುತ್ತೆ" ಅಂದ್ರೆ ಬೇಜಾರು ಮಾಡ್ಕೊಳ್ಳೋರು ಕಮ್ಮಿ.

ಕಷ್ಟದ ಪ್ರಶ್ನೆ ರಾತ್ರಿಯದ್ದು. ಹತ್ತೂವರೆಗೆ ಮತ್ತೊಂದು ಗಾಡಿ ಬಂತು, ಕೂತವರಲ್ಲಿ ಕುಡಿದವರೂ ಇದ್ದಾರೆ. ಹೊರಗೆ ಹಾಕಿದ್ರೆ? ಕತ್ತಲು, ಮಂಜು, ತಿರುವಿನ ರಸ್ತೆ, ಎದುರಿಗೆ ಆನೆ. ನಿಯಮ ಪಾಲಿಸ್ತೀವಿ ಅಂತ ಕಳಿಸಿದ ಗಾಡಿ ಹಳ್ಳಕ್ಕೆ ಬಿದ್ದರೆ ಆ ಭಾರ ಯಾರೂ ಹೊರೋಕಾಗಲ್ಲ. ಇಲ್ಲಿ ಮನುಷ್ಯತ್ವದ ದಾರಿಯೇ ಜಾಣತನದ ದಾರಿ ಕೂಡ. ಎಲ್ಲರ ಹೆಸರು, ಫೋನ್, ಗಾಡಿ ನಂಬರ್ ಬರೀಬೇಕು. ಟೆಂಟ್ ಬೇಡ, ಗೋಡೆ ಇರುವ ಒಳಗಡೆಯೇ ಮಲಗಿಸಬೇಕು. ಗಾಡಿ ಅಲ್ಲಿಂದ ಕದಲದಂತೆ ಒಪ್ಪಿಸಬೇಕು. ಬೆಳಗ್ಗೆ ತಿಂಡಿ ಕೊಟ್ಟು, ದರ ತಗೊಂಡು, ರಸೀದಿ ಕೊಟ್ಟು ಕಳಿಸಬೇಕು. ಒಂದು ರಾತ್ರಿ ಮಿತಿ ಮೀರಿದ್ದನ್ನ ಪುಸ್ತಕದಲ್ಲಿ ಬರೆದಿಟ್ಟವರು ಮುಚ್ಚಿಟ್ಟವರಿಗಿಂತ ಎಷ್ಟೋ ವಾಸಿ.

ಅದೇ ಗಾಡಿ ಮೇಲೆ ಗಾಡಿ ಬರ್ತಿದ್ರೆ, ಡಿಜೆ ಪೆಟ್ಟಿಗೆ ಇಳೀತಿದ್ರೆ, ಮಾದಕ ವಸ್ತುವಿನ ಅನುಮಾನ ಬಂದ್ರೆ, ಹುಡುಗಿಯರು ಯಾರಾದ್ರೂ ಹೆದರಿದಂತೆ ಕಂಡ್ರೆ, ಒಬ್ಬರೇ ಹೋಗಿ ವಾದ ಮಾಡೋದು ಬೇಡ. 112ಕ್ಕೆ ಫೋನ್ ಮಾಡಬೇಕು. ಪೊಲೀಸರು ಬಂದರೆ ನಮ್ಮ ಮನೆಗೇ ಕೆಟ್ಟ ಹೆಸರು ಅನ್ನೋ ಭಯ ಬಹಳ ಮಾಲೀಕರಿಗಿದೆ. ತಾವೇ ಕರೆದವರ ಸ್ಥಿತಿಗೂ, ದಾಳಿಯಲ್ಲಿ ಸಿಕ್ಕಿಬಿದ್ದವರ ಸ್ಥಿತಿಗೂ ಅಜಗಜಾಂತರ.

ಮಾಡಬಾರದ್ದೂ ಕೆಲವಿವೆ. ಗಾಡಿ ಕೀ ಕಿತ್ಕೊಳ್ಳೋದು, ಒರಿಜಿನಲ್ ಆಧಾರ್ ಅಡ ಇಟ್ಕೊಳ್ಳೋದು, ದುಡ್ಡು ಕೊಡೋವರೆಗೆ ಗೇಟಿಗೆ ಬೀಗ ಹಾಕೋದು, ತೋಟದ ಆಳುಗಳನ್ನ ಕರೆದು ಸುತ್ತುವರಿಯೋದು. ಇಷ್ಟರಲ್ಲಿ ಒಂದು ಮಾಡಿದ್ರೂ ಅಕ್ರಮವಾಗಿ ಕೂಡಿಹಾಕಿದ ಕೇಸು ಮಾಲೀಕರ ಮೇಲೇ ಬೀಳುತ್ತೆ.

ಪುಸ್ತಕ ಇರೋದು ಎಣಿಸೋಕೆ, ಇಣುಕೋಕೆ ಅಲ್ಲ

ಇನ್ನೊಂದು ಸೂಕ್ಷ್ಮ ವಿಷಯ ಇದೆ. ಹೆಸರು ಬರೆಯೋದು ಒಂದು, ಬಂದವರು ಯಾರ ಜೊತೆ ಬಂದರು ಅಂತ ಊರಿಗೆಲ್ಲಾ ಹೇಳೋದು ಇನ್ನೊಂದು. 2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ಕ್ಯಾಮೆರಾ ಮುಂದೆಯೇ ನಡೆದ ಆ ಹಲ್ಲೆ ದೇಶ ಪೂರ್ತಿ ಸುದ್ದಿಯಾಯ್ತು. ಹನ್ನೆರಡು ವರ್ಷದ ನಂತರ, 2024ರ ಆಗಸ್ಟ್‌ನಲ್ಲಿ ನ್ಯಾಯಾಲಯ ಆರೋಪಿಗಳನ್ನ ಖುಲಾಸೆ ಮಾಡಿತು. ಆ ಮಕ್ಕಳು ಅವತ್ತು ಅನುಭವಿಸಿದ್ದು ಮಾತ್ರ ಯಾವ ತೀರ್ಪಿನಿಂದಲೂ ಅಳಿಸಿಹೋಗಲ್ಲ.

ಹದಿನೆಂಟು ತುಂಬಿದ ಗಂಡು ಹೆಣ್ಣು ಒಂದೇ ಕೊಠಡಿಯಲ್ಲಿ ತಂಗಬಾರದು ಅಂತ ಯಾವ ಕಾನೂನೂ ಇಲ್ಲ. ಮಾಲೀಕರಿಗೆ ಬೇಕಿರೋದು ಎಷ್ಟು ಜನ, ಯಾರು, ಗುರುತು ಸರಿ ಇದೆಯಾ ಅನ್ನೋದು ಅಷ್ಟೇ. ಪುಸ್ತಕ ಕೇಳಿದ ಪೊಲೀಸರಿಗೆ ತೋರಿಸಬೇಕು. ದಾರಿಯಲ್ಲಿ ಹೋಗೋರು ಬಂದು "ಯಾರು ಬಂದವ್ರೆ, ಯಾವ ಜಾತಿ, ಯಾವ ಧರ್ಮ" ಅಂತ ಕೇಳಿದ್ರೆ ತೋರಿಸಬೇಕಾದ್ದಿಲ್ಲ. ಅತಿಥಿಗಳ ಫೋಟೋ, ಆಧಾರ್ ಪ್ರತಿ ಗ್ರೂಪಿಗೆ ಹಾಕೋದಂತೂ ದೊಡ್ಡ ತಪ್ಪು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಡ್ರೈವಿಂಗ್ ಲೈಸೆನ್ಸ್ ಇದೆ, ಮತದಾರರ ಚೀಟಿ ಇದೆ. ಯಾವುದಾದ್ರೂ ಒಂದು ನೋಡಿ ಬರೆದುಕೊಂಡ್ರೆ ಸಾಕು.

ನಂಬಿಕೆ ಇದ್ದಲ್ಲಿ ಅತಿಥಿಗಳೂ ನಿಜ ಹೇಳ್ತಾರೆ. ಹೆಸರು ಕೊಟ್ಟರೆ ಊರಿಗೆಲ್ಲಾ ಗೊತ್ತಾಗುತ್ತೆ ಅನ್ನೋ ಭಯ ಇದ್ದಲ್ಲಿ ಸುಳ್ಳು ಹೆಸರು ಬೀಳುತ್ತೆ, ಇಲ್ಲಾ ಹಿಂದಿನ ದಾರಿಯಿಂದ ಜನ ಬರ್ತಾರೆ.

ಅಂಗಡಿಯವರಿಗೂ ಪಾಲಿದೆ

ಹೋಮ್‌ಸ್ಟೇ ದುಡ್ಡು ತೋಟದ ಗೇಟಿನೊಳಗೇ ಉಳಿಯಲ್ಲ. ಕೋಳಿ ಅಂಗಡಿ, ದಿನಸಿ, ಬೇಕರಿ, ಪೆಟ್ರೋಲ್ ಬಂಕ್, ಜೀಪಿನವರು, ಪಂಕ್ಚರ್ ಹಾಕುವವರು ಎಲ್ಲರಿಗೂ ಶನಿವಾರ ಭಾನುವಾರ ವ್ಯಾಪಾರ. ಎಂಟು ಜನದ ಮನೆಗೆ ಹನ್ನೆರಡು ಕೆ.ಜಿ. ಕೋಳಿ ಹೋಗ್ತಿದೆ ಅನ್ನೋದು ಮಾಲೀಕರಿಗಿಂತ ಮೊದಲು ಗೊತ್ತಾಗೋದು ಅಂಗಡಿಯವರಿಗೆ. ವ್ಯಾಪಾರ ಬಿಡಿ ಅಂತ ಯಾರೂ ಹೇಳಲ್ಲ. ಮಾಲೀಕರು ಊರಲ್ಲಿಲ್ಲದ ಮನೆ ಆದ್ರೆ ಅವರಿಗೆ ಒಂದು ಫೋನ್ ಮಾಡಿ "ಅಣ್ಣ, ನಿಮ್ಮನೆಗೆ ಎಷ್ಟು ಜನ ಬಂದವ್ರೆ?" ಅಂತ ಕೇಳೋದು ಊರಿನ ಕಾಳಜಿ ಅಷ್ಟೇ. ಅದರ ಮೇಲಿನ ತೀರ್ಮಾನ ಮಾಲೀಕರದ್ದು, ಬೇಕಾದ್ರೆ ಪೊಲೀಸರದ್ದು. ಅಂಗಡಿಯವರೋ, ಯಾವುದೋ ಸಂಘಟನೆಯವರೋ ಹೋಗಿ ಬಾಗಿಲು ತಟ್ಟುವಂತಿಲ್ಲ.

ಒಂದು ಅನಾಹುತ ಆದ್ರೆ ನಿಲ್ಲೋದು ಆ ಒಂದು ಮನೆ ಬುಕ್ಕಿಂಗ್ ಅಲ್ಲ, ಇಡೀ ಹೋಬಳಿಯದ್ದು. 2024ರ ಜುಲೈನಲ್ಲಿ ಘಾಟ್ ಬಂದ್ ಆಗಿ ಗಾಡಿಗಳು ಬೇರೆ ದಾರಿ ಹಿಡಿದಾಗ ಹೆದ್ದಾರಿ ಬದಿ ಅಂಗಡಿಯವರಿಗೆ ಅದರ ಬಿಸಿ ತಟ್ಟಿದೆ.

ಒಬ್ಬರೇ ನೆಟ್ಟಗಾದ್ರೆ ಸಾಲದು

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ನೋಂದಣಿ ಮಾಡಿಸಿ, ನಿಯತ್ತಾಗಿ ನಡೆಸುವ ಮಾಲೀಕರು ಆರು ಜನರನ್ನ ವಾಪಸ್ ಕಳಿಸ್ತಾರೆ. ಆ ಆರು ಜನ ಎರಡು ಕಿಲೋಮೀಟರ್ ಮುಂದೆ ನೋಂದಣಿಯೇ ಇಲ್ಲದ ಮನೆಗೆ ಹೋಗ್ತಾರೆ. ಅಲ್ಲಿ ಪುಸ್ತಕವೂ ಇಲ್ಲ, ಪ್ರಶ್ನೆಯೂ ಇಲ್ಲ. ಮುಂದಿನ ಸಲ ಇಡೀ ಗುಂಪೇ ಅಲ್ಲಿಗೆ. ನಿಯಮ ಪಾಲಿಸಿದವರಿಗೆ ನಷ್ಟ, ಮುರಿದವರಿಗೆ ಲಾಭ ಅನ್ನೋ ಸ್ಥಿತಿ ಇದ್ದಷ್ಟು ದಿನ ಯಾವ ಸುತ್ತೋಲೆಯೂ ಕೆಲಸ ಮಾಡಲ್ಲ.

ಇದಕ್ಕೆ ಇಲಾಖೆ ಮಾಡಬೇಕಾದ್ದು ಬೀಗ ಹಾಕೋದಕ್ಕಿಂತ ಮೊದಲು ಬಾಗಿಲು ತೆರೆಯೋದು. ನೋಂದಣಿ ಮಾಡಿಸೋಕೆ ಜಿಲ್ಲಾ ಕೇಂದ್ರಕ್ಕೆ ಅಲೆಯುವ ಬದಲು ತಾಲ್ಲೂಕಿನಲ್ಲೇ ಒಂದು ದಿನ ಶಿಬಿರ ನಡೆಸಿ, ಪಂಚಾಯ್ತಿ, ಪೊಲೀಸ್, ಪ್ರವಾಸೋದ್ಯಮ ಇಲಾಖೆಯವರು ಒಂದೇ ಮೇಜಿನಲ್ಲಿ ಕೂತರೆ ಬರುವವರು ಬಹಳ ಜನ ಇದ್ದಾರೆ. ಆಮೇಲೂ ಬರದವರ ಮೇಲೆ ಕ್ರಮ ಆಗಲಿ. ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲ ಅಂತ ಘೋಷಿಸಿದೆ. ಕಾಗದ ಪತ್ರ ಸರಿ ಇದ್ದವರಿಗೆ ಇಂಥ ಅನುಕೂಲ ಸಿಕ್ಕಿದ್ರೆ ಉಳಿದವರೂ ನೋಂದಣಿ ಕಡೆ ಬರ್ತಾರೆ.

ಮಾಲೀಕರೂ ತಮ್ಮ ತಮ್ಮಲ್ಲೇ ಒಂದು ಮಾತಿಗೆ ಬರಬಹುದು. ಒಂದು ಹೋಬಳಿಯಲ್ಲಿ ಎಲ್ಲಾ ಮನೆಯವರೂ ಸಂಜೆ ಆರರ ನಿಯಮ, ಹೆಚ್ಚುವರಿ ದರ, ಟೆಂಟ್ ಇಲ್ಲ ಅನ್ನೋ ಮೂರು ವಿಷಯದಲ್ಲಿ ಒಂದೇ ಥರ ಇದ್ರೆ ಬಂದವರಿಗೆ ಪಕ್ಕದ ಮನೆ ತೋರಿಸಿ ಹೆದರಿಸೋಕಾಗಲ್ಲ. ಒಬ್ಬರ ಮನೆ ತುಂಬಿದಾಗ ಹೆಚ್ಚಿಗೆ ಬಂದ ಆರು ಜನರನ್ನ ಜಾಗ ಇರುವ ಪಕ್ಕದ ನೋಂದಾಯಿತ ಮನೆಗೆ ಕಳಿಸಿದ್ರೆ ಅತಿಥಿಗಳಿಗೆ ಹಾಸಿಗೆ, ಪಕ್ಕದವರಿಗೆ ವ್ಯಾಪಾರ, ಎರಡೂ ಪುಸ್ತಕದಲ್ಲಿ ಲೆಕ್ಕ ಸರಿ.

ಇದಕ್ಕೆಲ್ಲಾ ಆದೇಶ ಬರಲಿ ಅಂತ ಕಾಯಬೇಕಾದ್ದಿಲ್ಲ. ಒಂದು ಉದ್ದ ಪುಸ್ತಕ, ಒಂದು ಪೆನ್ನು, ಗೇಟಲ್ಲಿ ಒಂದು ಲೈಟು. ರಾತ್ರಿ ಬಾಗಿಲು ಹಾಕೋ ಮೊದಲು ಡ್ರೈವರ್‌ನೂ ಸೇರಿಸಿ ತಲೆ ಎಣಿಸಿ, ಪುಸ್ತಕದ ಜೊತೆ ತಾಳೆ ನೋಡೋದು. ಈ ವಾರಾಂತ್ಯದಿಂದಲೇ ಶುರು ಮಾಡಬಹುದು.